ಬೆಳಗಿನ ಡಬ್ಬಿ, ಸಂಜೆಯ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಬಿ.ಕಾಂ. ಮುಗಿಸಿ, ಪರೀಕ್ಷೆ ಬರೆದು ಬ್ಯಾಂಕ್ ಸೇರಿದವನು. "ಮೂರೇ ವರ್ಷ, ಆಮೇಲೆ ಬೆಂಗಳೂರಿಗೆ ಟ್ರಾನ್ಸ್‌ಫರ್" ಅಂತ ಹೆಂಡತಿಗೆ ಮಾತು ಕೊಟ್ಟು ದೆಹಲಿಗೆ ಬಂದವನು, ಮೂವತ್ತು ವರ್ಷ ದಾಟಿದರೂ ಇಲ್ಲೇ ಇದ್ದೇನೆ. ಮೊದಲು ಲಕ್ಷ್ಮೀನಗರದಲ್ಲಿ ಬಾಡಿಗೆಗೆ, ಈಗ ಗಾಜಿಯಾಬಾದ್‌ನಲ್ಲಿ ಸ್ವಂತ ಫ್ಲಾಟಿನಲ್ಲಿ. ಹಾಗಾಗಿ ಔಷಧದ ವಿಷಯ ಬರೆಯಲು ನನಗೇನು ಅಧಿಕಾರ ಅಂತ ನೀವು ಕೇಳಿದರೆ, ಏನೂ ಇಲ್ಲ. ಒಂದು ತಪ್ಪು ಮಾಡಿದ್ದೇನೆ, ಆ ತಪ್ಪಿನಿಂದ ಒಂದಿಷ್ಟು ಕಲಿತಿದ್ದೇನೆ, ಅಷ್ಟೇ ನನ್ನ ಅಧಿಕಾರ.

ಕಳೆದ ವಾರ ನಮ್ಮ ಮೇಲಿನ ಮನೆಯವರ ತಾಯಿಗೆ ಮೈಯೆಲ್ಲ ಕೆಂಪು ದದ್ದು ಎದ್ದಿತ್ತು. ಲಿಫ್ಟಿನಲ್ಲಿ ಸಿಕ್ಕ ಮಗ, "ಗರ್ಮಿ ಹೈ ಭಾಯ್‌ಸಾಬ್, ಔರ್ ಕ್ಯಾ" ಅಂದ. ನನ್ನ ಬಾಯಿಂದ ತಟ್ಟನೆ ಬಂದ ಪ್ರಶ್ನೆ: "ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದಾರಾ?" ಅವನು ಯೋಚಿಸಿ, ಹೌದು, ಹತ್ತು ದಿನದಿಂದ ಯಾವುದೋ ಹೊಸದು ಅಂದ. ಹಾಗಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಅಂದೆ. ಮಾಡಿದರು, ಮಾತ್ರೆ ಬದಲಾಯಿತು, ಅಜ್ಜಿ ಈಗ ಆರಾಮ. ಮಗ ಬಂದು ಥ್ಯಾಂಕ್ಸ್ ಹೇಳಿ ಹೋದ. ಆದರೆ ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು 2007ರ ಮೇ ತಿಂಗಳಲ್ಲಿ ಇನ್ನೊಬ್ಬನಿಗೆ ಕೇಳಬೇಕಿತ್ತು. ಕೇಳಿರಲಿಲ್ಲ.

ಅವನ ಹೆಸರು ಬೇಡ. ಅವನನ್ನು ನಾನು ಕರೆಯುತ್ತಿದ್ದುದೇ "ತಮ್ಮಾ" ಅಂತ, ಇಲ್ಲೂ ಹಾಗೇ ಇರಲಿ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ, ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಉತ್ತರ ಕರ್ನಾಟಕದ ಕಡೆಯ ಹುಡುಗ. ಇಲ್ಲಿ ಒಬ್ಬ ಗುತ್ತಿಗೆದಾರರ ಹತ್ತಿರ ಗಾಡಿ ಓಡಿಸುತ್ತಿದ್ದ. ಖಾತೆ ತೆರೆಯಲು ನಮ್ಮ ಶಾಖೆಗೆ ಬಂದವನು ನನ್ನ ಮೇಜಿನ ಮೇಲಿದ್ದ ಕನ್ನಡ ಕ್ಯಾಲೆಂಡರ್ ನೋಡಿ, "ಸರ, ನೀವು ನಮ್ಮವರೇನ್ರಿ?" ಅಂದಿದ್ದ. ಊರಿಂದ ದೂರ ಇದ್ದವರಿಗೆ ಗೊತ್ತು, ಆ ಒಂದು ಮಾತಿಗೆ ಎಷ್ಟು ಬೆಲೆ ಅಂತ. ಆಮೇಲೆ ಪ್ರತಿ ತಿಂಗಳು ಊರಿಗೆ ದುಡ್ಡು ಕಳಿಸಲು ಬಂದಾಗೆಲ್ಲ ನನ್ನ ಎದುರು ಐದು ನಿಮಿಷ ಕೂತು ಹೋಗುತ್ತಿದ್ದ. ರಾಜ್ಯೋತ್ಸವಕ್ಕೆ ಆರ್.ಕೆ.ಪುರಂನ ಕರ್ನಾಟಕ ಸಂಘಕ್ಕೂ ಒಮ್ಮೆ ಕರೆದುಕೊಂಡು ಹೋಗಿದ್ದೆ.

ಆ ಮೇ ತಿಂಗಳು ಬಂದಾಗ ತೋಳಿನ ತುಂಬ, ಕುತ್ತಿಗೆಯ ಕೆಳಗೆಲ್ಲ ಕೆಂಪಗೆ ಸಣ್ಣ ಸಣ್ಣ ದದ್ದು. "ಮೈ ತುಂಬ ಹಿಂಗ ಎದ್ದಾವ್ರೀ ಸರ, ಭಾಳ ತುರಸ್ತೈತಿ" ಅಂದ. ಹೊರಗೆ 44 ಡಿಗ್ರಿ, ಲೂ ಗಾಳಿ ಬೀಸುತ್ತಿತ್ತು. ನಾನು ಕೌಂಟರಿನ ಕಡೆ ಒಂದು ಕಣ್ಣಿಟ್ಟುಕೊಂಡೇ, "ಬೆವರುಸಾಲೆ ಕಣಯ್ಯಾ, ದೆಹಲಿ ಬೇಸಿಗೆಗೆ ಎಲ್ಲರಿಗೂ ಆಗತ್ತೆ, ಕ್ಯಾಲಮೈನ್ ಹಚ್ಚು" ಅಂದೆ. ಅವನು ಏನೋ ಹೇಳಲು ಬಾಯಿ ತೆರೆದ ಹಾಗೆ ನೆನಪು. ಆದರೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಟೋಕನ್ ಕೂಗಿದರು, ಅವನು ಎದ್ದು ಹೋದ.

ಅವನು ಹೇಳಬೇಕೆಂದಿದ್ದು ಇದು. ಅವನಿಗೆ ಎಚ್‌ಐವಿ ಇತ್ತು. ಹತ್ತು ದಿನದ ಹಿಂದಷ್ಟೇ ಇಲ್ಲಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಶುರು ಮಾಡಿದ್ದ.

ಈಗ ಸ್ವಲ್ಪ ಹಿಂದಿನ ಕಥೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 2001ರವರೆಗೆ ಎಚ್‌ಐವಿಗೆ ಮೂರು ಔಷಧ ಸೇರಿಸಿ ಕೊಡುವ ಚಿಕಿತ್ಸೆಗೆ ಅಮೆರಿಕ, ಯೂರೋಪಿನ ಕಂಪನಿಗಳ ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲಿತ್ತು. ಆ ವರ್ಷದ ಫೆಬ್ರವರಿಯಲ್ಲಿ ನಮ್ಮ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದನ್ನೇ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆ ಅಂದರು. ಮೂರು ಔಷಧವನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿದರು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿಯಲ್ಲಿ ಮೊದಲು. ಆ ಆರರಲ್ಲಿ ನಮ್ಮ ಕರ್ನಾಟಕವೂ ಒಂದು. ಲಕ್ಷಾಂತರ ಜನ ಇವತ್ತು ಬದುಕಿದ್ದರೆ ಅದಕ್ಕೆ ಈ ಅಗ್ಗದ ಮಾತ್ರೆಯೇ ಕಾರಣ, ಅದರಲ್ಲಿ ಎರಡು ಮಾತಿಲ್ಲ.

ಆ ಮೂರರಲ್ಲಿ ಒಂದರ ಹೆಸರು ನೆವಿರಪಿನ್. ಒಳ್ಳೆಯ ಔಷಧ, ಅಗ್ಗದ ಔಷಧ, ಆದರೆ ಅದಕ್ಕೊಂದು ಚಾಳಿ ಇತ್ತು. ತೆಗೆದುಕೊಂಡ ನೂರು ಜನರಲ್ಲಿ ಸುಮಾರು ಹದಿನೈದು ಜನಕ್ಕೆ ಮೊದಲ ಆರು ವಾರದೊಳಗೆ ಮೈಮೇಲೆ ದದ್ದು ಏಳುತ್ತಿತ್ತು. ಬಹುಪಾಲು ಜನಕ್ಕೆ ತಾನಾಗಿಯೇ ಇಳಿದು ಹೋಗುತ್ತಿತ್ತು. ನೂರಕ್ಕೆ ಒಬ್ಬರೋ ಇಬ್ಬರಿಗೋ ಅದು ಗಂಭೀರವಾಗುತ್ತಿತ್ತು. ಅದರಲ್ಲೂ ಅತಿ ಕೆಟ್ಟದ್ದಕ್ಕೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅಂತ ಹೆಸರು. ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣಾಗಿ, ಸುಟ್ಟ ಗಾಯದ ಹಾಗೆ ಚರ್ಮ ಸುಲಿಯುತ್ತದೆ. ಜೀವವನ್ನೇ ತೆಗೆಯಬಲ್ಲದು.

ಇದನ್ನು ತಡೆಯಲು ದಾರಿ ಇರಲಿಲ್ಲವೇ? ಇತ್ತು! ಅದೂ ನಯಾಪೈಸೆ ಖರ್ಚಿಲ್ಲದ ದಾರಿ. ಮೊದಲ 14 ದಿನ ನೆವಿರಪಿನ್ ದಿನಕ್ಕೆ ಒಂದೇ ಸಲ, 200 ಮಿಲಿಗ್ರಾಂ. ಆಮೇಲೆ ದಿನಕ್ಕೆ ಎರಡು ಸಲ. ಅಷ್ಟೇ. ಯಾಕೆ ಹೀಗೆ ಅಂತ ನಾನೂ ಒಬ್ಬ ಡಾಕ್ಟರ ಗೆಳೆಯರನ್ನು ಕೇಳಿದ್ದೆ. ಅವರು ಹೇಳಿದ್ದು ನನ್ನಂಥವನಿಗೂ ಅರ್ಥವಾಯಿತು. ಈ ಔಷಧವನ್ನು ಒಡೆದು ಹೊರಹಾಕುವ ಕೆಲಸ ನಮ್ಮ ಪಿತ್ತಜನಕಾಂಗದ್ದು, ಅಂದರೆ ಲಿವರ್‌ನದು. ಮೊದಮೊದಲು ಅದು ಈ ಕೆಲಸ ನಿಧಾನ ಮಾಡುತ್ತದೆ. ಔಷಧವೇ ಅದನ್ನು ಪಳಗಿಸುತ್ತಾ ಹೋಗಿ, ಸುಮಾರು ಎರಡು ವಾರದಲ್ಲಿ ಅದು ಚುರುಕಾಗುತ್ತದೆ. ಮೊದಲ ದಿನದಿಂದಲೇ ಪೂರ್ತಿ ಡೋಸ್ ಹಾಕಿದರೆ ರಕ್ತದಲ್ಲಿ ಔಷಧ ಮಿತಿ ಮೀರುತ್ತದೆ, ದದ್ದಿನ ಅಪಾಯ ಹೆಚ್ಚುತ್ತದೆ. ಹೊಸದಾಗಿ ಸೇರಿದ ಕ್ಲರ್ಕಿಗೆ ಮೊದಲ ದಿನವೇ ಮಾರ್ಚ್ 31ರ ಕೌಂಟರ್ ಕೊಟ್ಟ ಹಾಗೆ!

ಆದರೆ ತೊಡಕು ಶುರುವಾಗುವುದೇ ಇಲ್ಲಿ. ಮೂರು ಔಷಧ ಒಂದೇ ಮಾತ್ರೆಯಲ್ಲಿದೆ. ಅದನ್ನು ಎರಡು ಹೊತ್ತು ತೆಗೆದುಕೊಂಡರೆ ನೆವಿರಪಿನ್ ಕೂಡ ಎರಡು ಹೊತ್ತು ಹೊಟ್ಟೆಗೆ ಹೋಗುತ್ತದೆ. ಅದಕ್ಕೆ ಮೊದಲ 14 ದಿನ ಎರಡು ಡಬ್ಬಿ ಕೊಡುತ್ತಿದ್ದರು. ಬೆಳಗಿನ ಡಬ್ಬಿಯಲ್ಲಿ ಮೂರೂ ಔಷಧ ಇರುವ ಮಾತ್ರೆ, ಸಂಜೆಯ ಡಬ್ಬಿಯಲ್ಲಿ ನೆವಿರಪಿನ್ ಇಲ್ಲದ, ಎರಡೇ ಔಷಧ ಇರುವ ಮಾತ್ರೆ. ಡಬ್ಬಿ ನೋಡಲು ಹೆಚ್ಚುಕಮ್ಮಿ ಒಂದೇ ಥರ. ಹೆಸರು ಇಂಗ್ಲಿಷಿನಲ್ಲಿ. ವಿವರಣೆ ಹಿಂದಿಯಲ್ಲಿ. ನಮ್ಮ ತಮ್ಮನಿಗೆ ಕನ್ನಡ ಬಿಟ್ಟರೆ ಬರುತ್ತಿದ್ದುದು ಗಾಡಿ ಓಡಿಸಲು ಬೇಕಾದಷ್ಟು ಹಿಂದಿ. ಬಾಯೇ, ದಾಯೇ, ಸೀಧಾ, ರೋಕೋ.

ಹೇಳಿದವರದ್ದೇ ತಪ್ಪು ಅನ್ನಲಾರೆ. ಹೊರಗೆ ಸಾಲು ಎಷ್ಟಿತ್ತೋ ಏನೋ. ಅವರು ಹೇಳಿದ್ದಾರೆ, ಇವನು ತಲೆಯಾಡಿಸಿದ್ದಾನೆ. ಬ್ಯಾಂಕಿನಲ್ಲಿ ನಾವೂ ಹಾಗೇ ಅಲ್ಲವೇ? ಸಾಲದ ಪತ್ರದ ಇಪ್ಪತ್ತು ಹಾಳೆ ಮುಂದಿಟ್ಟು "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ" ಅನ್ನುತ್ತೇವೆ. ಗಿರಾಕಿ ತಲೆಯಾಡಿಸಿ ಸೈನ್ ಮಾಡುತ್ತಾನೆ. ಅವನಿಗೆ ಅರ್ಥವಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಬಡ್ಡಿ ಏರಿ ಕಂತು ಹೆಚ್ಚಾದ ದಿನ ಗೊತ್ತಾಗುತ್ತದೆ, ಯಾರಿಗೆ ಎಷ್ಟು ಅರ್ಥವಾಗಿತ್ತು ಅಂತ.

ಸರಿ, ಮುಂದೇನಾಯಿತು? ನನ್ನ "ಬೆವರುಸಾಲೆ" ಕೇಳಿಕೊಂಡು ಹೋದವನು ಕ್ಯಾಲಮೈನ್ ಹಚ್ಚಿದ. ಕಡಿಮೆಯಾಗಲಿಲ್ಲ. ಗಲ್ಲಿಯ ಕ್ಲಿನಿಕ್ಕಿಗೆ ಹೋದ. ಅಲ್ಲೂ ಎಚ್‌ಐವಿ ವಿಷಯ ಹೇಳಲಿಲ್ಲ, ಅವರೂ ಕೇಳಲಿಲ್ಲ. ಒಂದು ಇಂಜೆಕ್ಷನ್, ಪೊಟ್ಟಣದಲ್ಲಿ ಕಟ್ಟಿದ ನಾಲ್ಕು ಮಾತ್ರೆ. ಒಂದೇ ರೂಮಿನಲ್ಲಿ ಐದು ಜನ ಇದ್ದರು. ಬನಿಯನ್ ತೆಗೆದರೆ ಎಲ್ಲರಿಗೂ ಕಾಣುತ್ತದೆ. "ಏ ಕ್ಯಾ ಬೀಮಾರಿ ಹೈ?" ಅಂತ ಒಬ್ಬ ಕೇಳಿದನಂತೆ. ಅಷ್ಟು ಸಾಕಾಯಿತು. ಹೆದರಿ, ಎರಡೂ ಡಬ್ಬಿಯನ್ನು ಟ್ರಂಕಿನ ತಳದಲ್ಲಿ ಬಟ್ಟೆಯೊಳಗೆ ಸುತ್ತಿಟ್ಟು ಮಾತ್ರೆ ನಿಲ್ಲಿಸಿಬಿಟ್ಟ. ಕೆಲವು ದಿನಕ್ಕೆ ದದ್ದು ಇಳಿಯಿತು.

ಸುಮಾರು ಮೂರು ವಾರ ಕಳೆದ ಮೇಲೆ, "ಒಂದು ಹೊತ್ತೂ ತಪ್ಪಿಸಬೇಡ" ಅಂತ ಆಸ್ಪತ್ರೆಯಲ್ಲಿ ಹೇಳಿದ್ದು ನೆನಪಾಗಿ ಇನ್ನೊಂದು ಹೆದರಿಕೆ ಹತ್ತಿಕೊಂಡಿತು. ತಾನೇ ಮತ್ತೆ ಶುರು ಮಾಡಿದ. ಈ ಸಲ ಬೆಳಗಿನ ಡಬ್ಬಿಯ ಮಾತ್ರೆಯನ್ನೇ ಎರಡೂ ಹೊತ್ತು. "ಹದಿನಾಕ ದಿನ ಆದ ಮ್ಯಾಲೆ ಅದನ್ನ ಎರಡ ಹೊತ್ತು ಅಂದಿದ್ರಲ್ರೀ ಸರ, ಹದಿನಾಕ ದಿನ ಎಂದೋ ಆಗಿತ್ತು" ಅಂದ ನನಗೆ ಆಮೇಲೆ. ಅವನ ಲೆಕ್ಕ ತಪ್ಪೆಂದು ಹೇಗೆ ಹೇಳಲಿ? ಕ್ಯಾಲೆಂಡರಿನ ಲೆಕ್ಕ ಸರಿಯೇ ಇತ್ತು. ಮೈಯ ಲೆಕ್ಕ ಬೇರೆ. ನೆವಿರಪಿನ್ ಒಂದು ವಾರಕ್ಕಿಂತ ಹೆಚ್ಚು ನಿಂತರೆ ಮತ್ತೆ ಮೊದಲಿಂದ, ಮತ್ತೆ ಅದೇ 14 ದಿನದ ಒಂದು ಹೊತ್ತಿನಿಂದ ಶುರು ಮಾಡಬೇಕು. ಅದೂ ದದ್ದು ಎದ್ದಿದ್ದವನು ಡಾಕ್ಟರಿಗೆ ತೋರಿಸದೆ ಅದನ್ನು ಮುಟ್ಟಲೇಬಾರದು. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ಅವನಿಗೆ ಮುಟ್ಟಿರಲಿಲ್ಲ.

ನಾಲ್ಕನೇ ದಿನಕ್ಕೆ ಜ್ವರ. ಐದನೇ ದಿನಕ್ಕೆ ಬಾಯಲ್ಲಿ ಹುಣ್ಣು, ನೀರು ನುಂಗಲೂ ಆಗದಷ್ಟು. ಕಣ್ಣು ಕೆಂಡ. ರೂಮಿನವರು ಅವನನ್ನು ಊರಿನ ರೈಲು ಹತ್ತಿಸಿಬಿಡುವ ಯೋಚನೆಯಲ್ಲಿದ್ದರು. ಒಬ್ಬ ಪುಣ್ಯಾತ್ಮ ಅವನ ಪಾಸ್‌ಬುಕ್ಕಿನ ಹಿಂದೆ ಬರೆದುಕೊಂಡಿದ್ದ ನನ್ನ ನಂಬರಿಗೆ ಫೋನ್ ಮಾಡಿದ. ನಾನು ಹೋಗಿ ನೋಡಿದೆ. ಎದೆಯ ಚರ್ಮ ಸುಟ್ಟ ಹಾಗೆ ಎದ್ದಿತ್ತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಟ್ರಂಕಿನಿಂದ ತೆಗೆಸಿ ತಂದಿದ್ದ ಆ ಡಬ್ಬಿಗಳನ್ನು ನನ್ನ ಕೈಗಿಟ್ಟು, ಮುಖ ಆಚೆ ತಿರುಗಿಸಿ ಅತ್ತ. ಆಗ ನನಗೆ ಗೊತ್ತಾದದ್ದು.

ಬದುಕಿದ. ಮೂರು ವಾರ ವಾರ್ಡಿನಲ್ಲಿದ್ದ. ಡಾಕ್ಟರು ಆ ಮಾತ್ರೆಯನ್ನು ಜನ್ಮದಲ್ಲಿ ಮತ್ತೆ ಮುಟ್ಟಬಾರದು ಅಂತ ಕೆಂಪು ಶಾಯಿಯಲ್ಲಿ ಬರೆದು, ನೆವಿರಪಿನ್ ಇಲ್ಲದ ಬೇರೆ ಔಷಧ ಶುರು ಮಾಡಿದರು. ಇವತ್ತು ಅವನು ಆರೋಗ್ಯವಾಗಿದ್ದಾನೆ, ದಿನಕ್ಕೆ ಒಂದು ಮಾತ್ರೆ ನುಂಗುತ್ತಾನೆ, ಸ್ವಂತ ಟೆಂಪೊ ಇದೆ. ಆದರೆ ಕಣ್ಣಿನಲ್ಲಿ ನೀರು ಬತ್ತಿದೆ. ಆ ಕಾಯಿಲೆ ಬಿಟ್ಟುಹೋದ ಗುರುತು. ದಿನಕ್ಕೆ ನಾಲ್ಕೈದು ಸಲ ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಾನೆ. ಅವನು ಡ್ರಾಪ್ಸ್ ಹಾಕಿಕೊಳ್ಳುವುದನ್ನು ನೋಡಿದಾಗೆಲ್ಲ ನನಗೆ ನನ್ನ "ಬೆವರುಸಾಲೆ ಕಣಯ್ಯಾ" ನೆನಪಾಗುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ಮಾತ್ರೆಯ ದದ್ದನ್ನು ತಡೆಯುವುದು ಮುಲಾಮಿನಿಂದಲ್ಲ, ಮಾತಿನಿಂದ. ರೋಗಿಗೆ ಅವನ ಭಾಷೆಯಲ್ಲಿ ಹೇಳಿದ ಮಾತು, ರೋಗಿ ಹೆದರದೆ ಆಡಿದ ಮಾತು, ಪಕ್ಕದಲ್ಲಿದ್ದವರು ಕೇಳಿದ ಒಂದು ಪ್ರಶ್ನೆ. ಈ ಮೂರರಲ್ಲಿ ಒಂದಿದ್ದರೂ ನಮ್ಮ ತಮ್ಮನ ಕಣ್ಣು ಉಳಿಯುತ್ತಿತ್ತು.

ಮುಲಾಮಿನಿಂದಲ್ಲ ಅಂತ ಸುಮ್ಮನೆ ಹೇಳುತ್ತಿಲ್ಲ. "ಮೊದಲೇ ಒಂದು ಅಲರ್ಜಿ ಮಾತ್ರೆ ಹಾಕಿಕೊಂಡುಬಿಟ್ಟರೆ ದದ್ದೇ ಏಳಲ್ಲ" ಅನ್ನುವವರು ಇದ್ದಾರೆ. ನೆವಿರಪಿನ್ ವಿಷಯದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಲರ್ಜಿಯ ಸೆಟ್ರಿಜಿನ್ ಮೊದಲೇ ಕೊಟ್ಟರೆ ದದ್ದು ತಡೆಯಲಿಲ್ಲ. ಸ್ಟೀರಾಯ್ಡ್, ಅಂದರೆ ಪ್ರೆಡ್ನಿಸೋನ್, ಮೊದಲೇ ಕೊಟ್ಟವರಲ್ಲಿ ದದ್ದು ಇನ್ನೂ ಹೆಚ್ಚಾಯಿತು! ಎದ್ದ ಮೇಲೆ ತುರಿಕೆ ಕಡಿಮೆಯಾಗಲು ಡಾಕ್ಟರು ಅಲರ್ಜಿ ಮಾತ್ರೆ ಕೊಡುವುದು ಬೇರೆ ಮಾತು. ತಡೆಯುತ್ತದೆಂದು ನಾವೇ ನುಂಗುವುದು ಬೇರೆ. ಬೇವಿನ ಸೊಪ್ಪಿನ ಸ್ನಾನವೂ ಅಷ್ಟೇ, ಮೈಗೆ ತಂಪು ಅನ್ನಿಸಬಹುದು, ರಕ್ತದೊಳಗಿನ ಔಷಧಕ್ಕೆ ಅದು ಏನೂ ಮಾಡುವುದಿಲ್ಲ.

"ಅಯ್ಯೋ, ಈಗ ಕಾಲ ಬದಲಾಗಿದೆ, ಆ ನೆವಿರಪಿನ್ ಎಲ್ಲಿದೆ?" ಅಂತ ಕೇಳುತ್ತೀರಿ. ನಿಜ. ಸುಮಾರು 2012-13ರಿಂದ ಹೊಸ ರೋಗಿಗಳಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಜ್ ಸೇರಿದ ಒಂದೇ ಮಾತ್ರೆ ಬಂತು. 2020ರಿಂದ ಎಫಾವಿರೆಂಜ್ ಜಾಗಕ್ಕೆ ಡೊಲುಟೆಗ್ರಾವಿರ್ ಬಂದಿದೆ. ಇದರಲ್ಲಿ ಗಂಭೀರ ದದ್ದು ಬಹಳ ಅಪರೂಪ. ಇದು ದೊಡ್ಡ ವಿಷಯ, ಸಂತೋಷದ ವಿಷಯ. ಆದರೆ ಕಥೆ ಮುಗಿಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಾರಣ ಕೇಳಿ.

ಒಂದು, ಎಚ್‌ಐವಿ ಇರುವವರು ನುಂಗುವುದು ಎಚ್‌ಐವಿ ಮಾತ್ರೆ ಮಾತ್ರವಲ್ಲ. ರೋಗನಿರೋಧಕ ಶಕ್ತಿ ಕಡಿಮೆ ಇದ್ದಾಗ ನ್ಯುಮೋನಿಯಾದಂಥ ಸೋಂಕು ತಗಲದಿರಲೆಂದು ಕೋಟ್ರೈಮಾಕ್ಸಜೋಲ್ ಕೊಡುತ್ತಾರೆ. ಅದು ಸಲ್ಫಾ ಜಾತಿಯ ಔಷಧ. ಸಲ್ಫಾದಿಂದ ದದ್ದು ಏಳುವುದು ಎಚ್‌ಐವಿ ಇರುವವರಲ್ಲಿ ಬೇರೆಯವರಿಗಿಂತ ಎಷ್ಟೋ ಹೆಚ್ಚು. ಕ್ಷಯ ಇದ್ದರೆ ಅದರ ಮಾತ್ರೆಗಳೂ ಸೇರುತ್ತವೆ, ಅವುಗಳಿಂದಲೂ ದದ್ದು ಬರಬಹುದು. ಎಲ್ಲವನ್ನೂ ಒಂದೇ ದಿನ ಶುರು ಮಾಡಿ ಹತ್ತನೇ ದಿನ ಮೈ ಕೆಂಪಾದರೆ ಕಳ್ಳ ಯಾರು ಅಂತ ಕಂಡುಹಿಡಿಯುವುದು ಹೇಗೆ? ಸಾಧ್ಯವಿದ್ದಲ್ಲಿ ಒಂದರ ನಂತರ ಒಂದು ಶುರು ಮಾಡುವುದು ಇದಕ್ಕೇ. ಅದನ್ನು ಡಾಕ್ಟರು ನಿರ್ಧರಿಸಬೇಕು. ಆದರೆ "ನನಗೆ ಹಿಂದೆ ಸಲ್ಫಾ ಮಾತ್ರೆಯಿಂದ ಮೈ ಎದ್ದಿತ್ತು" ಅಂತ ಹೇಳಬೇಕಾದವನು ರೋಗಿಯೇ.

ಎರಡು, ಅಬಕಾವಿರ್ ಅಂತ ಇನ್ನೊಂದು ಔಷಧವಿದೆ, ಮಕ್ಕಳಿಗೂ ಕೆಲವು ದೊಡ್ಡವರಿಗೂ ಕೊಡುತ್ತಾರೆ. ಕೆಲವರ ವಂಶವಾಹಿಯಲ್ಲಿ ಎಚ್‌ಎಲ್‌ಎ-ಬಿ 5701 ಅನ್ನುವ ಗುರುತಿರುತ್ತದೆ. ಅಂಥವರಿಗೆ ಇದು ಆಗದಿರುವ ಸಾಧ್ಯತೆ ಹೆಚ್ಚು. ಜ್ವರ, ದದ್ದು, ವಾಂತಿ, ಉಸಿರಾಟದ ತೊಂದರೆ ಬರಬಹುದು. ಮೊದಲೇ ರಕ್ತಪರೀಕ್ಷೆ ಮಾಡಿ ಅಂಥವರಿಗೆ ಕೊಡದಿದ್ದರೆ ಈ ಅಪಾಯವನ್ನು ಬಹುಪಾಲು ತಪ್ಪಿಸಬಹುದು ಅಂತ 2008ರಲ್ಲೇ ತೋರಿಸಿದ್ದಾರೆ. ಒಮ್ಮೆ ಹೀಗೆ ಆಗಿ ನಿಲ್ಲಿಸಿದವರು ಮತ್ತೆ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ.

ಮೂರನೆಯದು ಮುಖ್ಯ. ಮಾತ್ರೆ ಬದಲಾದರೂ ನಮ್ಮ ಬಾಯಿಗೆ ಹಾಕಿದ ಬೀಗ ಬದಲಾಗಿಲ್ಲ. ದದ್ದು ಎದ್ದವನಿಗೆ ದದ್ದಿಗಿಂತ ಹೆಚ್ಚಾಗಿ "ಯಾರಾದರೂ ನೋಡಿಬಿಟ್ಟರೆ" ಅನ್ನುವುದರ ಹೆದರಿಕೆ. ಅದರಿಂದಲೇ ಮಾತ್ರೆ ನಿಲ್ಲುತ್ತದೆ, ಊರು ಬದಲಾಗುತ್ತದೆ, ಚಿಕಿತ್ಸೆ ತಪ್ಪುತ್ತದೆ.

ಇನ್ನೂ ಒಂದು ಆಕ್ಷೇಪಣೆ ಇದೆ. ಒಬ್ಬ ಹಿರಿಯರು ನನಗೇ ಹೇಳಿದ್ದರು, "ಇದೆಲ್ಲ ಬರೆದರೆ ಜನ ಹೆದರಿ ಮಾತ್ರೆಯನ್ನೇ ಬಿಡುತ್ತಾರೆ, ಸುಮ್ಮನಿರಿ" ಅಂತ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಮಾತ್ರೆ ಬಿಟ್ಟರೆ ವೈರಸ್ ಮತ್ತೆ ಏಳುತ್ತದೆ, ಔಷಧಕ್ಕೆ ಬಗ್ಗದ ಹಾಗೂ ಆಗಬಹುದು. ಹಾಗಾಗಿ ಬಿಡಲೇಬಾರದು. ಆದರೆ ನನ್ನ ಅನುಭವ ಹೇಳುವುದು ಉಲ್ಟಾ. ಬಡ್ಡಿ ಏರಬಹುದು ಅಂತ ಮೊದಲೇ ಹೇಳಿದ ಗಿರಾಕಿ ಕಂತು ಹೆಚ್ಚಾದಾಗ ಬಂದು ಕೂತು ಮಾತಾಡುತ್ತಾನೆ. ಹೇಳದೆ ಬಿಟ್ಟ ಗಿರಾಕಿ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾನೆ. ತಮ್ಮ ಮಾತ್ರೆ ಬಿಟ್ಟದ್ದು ದದ್ದಿನ ವಿಷಯ ಗೊತ್ತಿದ್ದಕ್ಕಲ್ಲ, ಗೊತ್ತಿಲ್ಲದ್ದಕ್ಕೆ. "ಎರಡನೇ ವಾರದಲ್ಲಿ ಹೀಗಾಗಬಹುದು, ಆದರೆ ತಕ್ಷಣ ಬಾ" ಅಂತ ಒಂದು ಮಾತು ಅವನಿಗೆ ಕನ್ನಡದಲ್ಲಿ ಮುಟ್ಟಿದ್ದರೆ ಅವನು ಟ್ರಂಕಿನ ತಳ ಹುಡುಕುತ್ತಿರಲಿಲ್ಲ, ಆಸ್ಪತ್ರೆಗೆ ಹೋಗುತ್ತಿದ್ದ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದು, ಡಾಕ್ಟರ ಗೆಳೆಯರಿಗೆ ತೋರಿಸಿ ತಿದ್ದಿಸಿಕೊಂಡದ್ದು:

ಹೊಸ ಮಾತ್ರೆ ಶುರುವಾಗುವ ಮೊದಲು ಹಿಂದೆ ಯಾವ ಔಷಧದಿಂದ ಮೈ ಎದ್ದಿತ್ತು, ಈಗ ಬೇರೆ ಏನೇನು ಮಾತ್ರೆ ನುಂಗುತ್ತಿದ್ದೀರಿ, ಲಿವರ್ ತೊಂದರೆ ಇದೆಯೇ, ಎಲ್ಲ ಹೇಳಿ. ನಾಟಿ ಔಷಧವನ್ನೂ ಬಿಡದೆ ಹೇಳಿ. ಆಗದ ಔಷಧದ ಹೆಸರು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಎಟಿಎಂ ಪಿನ್ ಬರೆದಿಟ್ಟುಕೊಳ್ಳಬೇಡಿ ಅಂತ ಜೀವನವಿಡೀ ಹೇಳಿದವನು ನಾನು. ಇದನ್ನು ಮಾತ್ರ ದಯವಿಟ್ಟು ಬರೆದಿಟ್ಟುಕೊಳ್ಳಿ :)

ಶುರು ಮಾಡಿದ ಮೊದಲ ಆರು ವಾರ ಡಾಕ್ಟರನ್ನು ಕೇಳದೆ ಇನ್ನೊಂದು ಹೊಸ ಮಾತ್ರೆ, ಟಾನಿಕ್, ಇಂಜೆಕ್ಷನ್ ಬೇಡ. ಮೆಡಿಕಲ್ ಸ್ಟೋರಿನವರು ಕೊಟ್ಟದ್ದೂ ಬೇಡ.

ಸಣ್ಣ ದದ್ದು ಎದ್ದರೆ ನೀವೇ ನಿಲ್ಲಿಸಬೇಡಿ, ನೀವೇ ಡೋಸ್ ಹೆಚ್ಚಿಸಲೂ ಬೇಡಿ. ಅದೇ ದಿನ ಅಥವಾ ಮಾರನೇ ದಿನ ಹೋಗಿ ತೋರಿಸಿ. ಎಷ್ಟೋ ಸಲ ಮಾತ್ರೆ ಮುಂದುವರಿಸಿಯೇ ಇಳಿಸಬಹುದು. ಕೆಲವೊಮ್ಮೆ ಅದು ಮಾತ್ರೆಯದ್ದೇ ಆಗಿರುವುದಿಲ್ಲ. ಎಚ್‌ಐವಿಯಿಂದಲೇ ತುರಿಕೆಯ ಗುಳ್ಳೆ ಬರುತ್ತದೆ, ಸರ್ಪಸುತ್ತು ಬರುತ್ತದೆ. ಯಾವುದು ಯಾವುದೆಂದು ನೋಡಿ ಹೇಳುವುದು ನಮ್ಮ ನಿಮ್ಮ ಕೆಲಸವಲ್ಲ.

ದದ್ದಿನ ಜೊತೆ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪು, ಮುಖ ಊತ, ನೀರುಗುಳ್ಳೆ, ಚರ್ಮ ಸುಲಿಯುವುದು, ಕಣ್ಣು-ಮೂತ್ರ ಹಳದಿ, ಉಸಿರಾಟಕ್ಕೆ ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ನಾಳೆ ಅನ್ನಬೇಡಿ. ಮುಂದಿನ ಡೋಸ್ ನುಂಗುವ ಮೊದಲೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಮಾತ್ರೆಯ ಡಬ್ಬಿಗಳನ್ನು ಜೊತೆಗೆ ಒಯ್ಯಿರಿ. ಹೀಗಾದ ಮೇಲೆ ಆ ಔಷಧವನ್ನು ನೀವಾಗಿ ಮತ್ತೆ ಎಂದೂ ಶುರು ಮಾಡಬೇಡಿ.

ಇದು ರೋಗಿಯ ಪಾಲು. ವ್ಯವಸ್ಥೆಯ ಪಾಲೂ ಇದೆ. ಮಾತ್ರೆ ಕೊಡುವ ಕಡೆ ರೋಗಿಯ ಭಾಷೆಯಲ್ಲಿ ಒಂದು ಚೀಟಿ ಕೊಡುವುದು ಎಷ್ಟು ಕಷ್ಟ? ಓದು ಬಾರದವರಿಗೆ ಸೂರ್ಯನ ಚಿತ್ರ, ಚಂದ್ರನ ಚಿತ್ರ ಸಾಕು. ಹತ್ತನೇ ದಿನಕ್ಕೆ ಒಂದು ಫೋನ್ ಕರೆ. ಕಾರ್ಡ್ ಬಿಲ್ ಎರಡು ದಿನ ತಡವಾದರೆ ನಾವು ಬ್ಯಾಂಕಿನವರು ಮೂರು ಸಲ ಫೋನ್ ಮಾಡುತ್ತೇವೆ! ದೆಹಲಿಯಂಥ ಊರಿನಲ್ಲಿ ದೇಶದ ಎಲ್ಲ ಭಾಷೆಯವರೂ ಇದ್ದಾರೆ. ಕನ್ನಡ, ತಮಿಳು, ಒಡಿಯಾ, ಮಣಿಪುರಿ ಬಲ್ಲವರನ್ನು ಹುಡುಕಿ ಫೋನಿನಲ್ಲಿ ಮಾತಾಡಿಸುವುದು ದೊಡ್ಡ ವಿಷಯವೇ ಅಲ್ಲ. ಇಂಥ ಕೆಲಸಕ್ಕೆ ನಮ್ಮ ಕನ್ನಡ ಸಂಘಗಳೂ ಮುಂದಾಗಬಹುದು ಅಂತ ನನ್ನ ಆಸೆ. ನಾಟಕ, ಯಕ್ಷಗಾನ ಇರಲಿ, ಬೇಡ ಅನ್ನಲಿಲ್ಲ.

ಇನ್ನೊಂದು ವಿಷಯ ನನಗೇ ನಾಚಿಕೆ ತರಿಸಿದ್ದು. ಔಷಧಗಳ ಅಡ್ಡಪರಿಣಾಮದ ದೂರುಗಳನ್ನು ದೇಶದಾದ್ಯಂತ ಸಂಗ್ರಹಿಸುವ ಕೇಂದ್ರ ಇರುವುದು ನಮ್ಮ ಗಾಜಿಯಾಬಾದ್‌ನಲ್ಲೇ, ರಾಜನಗರದ ಸೆಕ್ಟರ್ 23ರ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್‌ನಲ್ಲಿ. 2010ರಲ್ಲಿ ಏಮ್ಸ್‌ನಲ್ಲಿ ಶುರುವಾದ ಈ ಕೆಲಸ 2011ರಲ್ಲಿ ಇಲ್ಲಿಗೆ ಬಂತು. ಡಾಕ್ಟರರೇ ಆಗಬೇಕಿಲ್ಲ, ರೋಗಿಯೇ ದೂರು ಕೊಡಬಹುದು. ಉಚಿತ ನಂಬರ್ 1800-180-3024. ಸಾಮಾನ್ಯ ಜನರ ಫಾರಂ ಕನ್ನಡದಲ್ಲೂ ಇದೆ. ಇಷ್ಟು ವರ್ಷ ಈ ಊರಿನಲ್ಲಿದ್ದು ನನಗೆ ಇದು ತಿಳಿದದ್ದು ತೀರಾ ಈಚೆಗೆ. ಹೇಳದೆ ಹೋದ ದದ್ದು ಲೆಕ್ಕಕ್ಕೆ ಸೇರುವುದಿಲ್ಲ. ಲೆಕ್ಕಕ್ಕೆ ಸೇರದಿದ್ದರೆ ಆ ಔಷಧ ಬದಲಿಸಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ಲೆಡ್ಜರ್ ಬರೆದವನಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ಮಾತ್ರೆ ಸಿಗುವುದೂ ಇದರಷ್ಟೇ ಮುಖ್ಯ. 2022ರ ಜುಲೈನಲ್ಲಿ ಜನಪಥದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಅದರ ಕಚೇರಿಯ ಎದುರು ಎಚ್‌ಐವಿ ಇರುವವರು ಧರಣಿ ಕೂತಿದ್ದರು. ಮಾತ್ರೆ ಸರಿಯಾಗಿ ಸಿಗುತ್ತಿಲ್ಲ, ತಿಂಗಳ ಬದಲು ಕೆಲವೇ ದಿನದ್ದು ಕೊಡುತ್ತಿದ್ದಾರೆ ಅಂತ. ಮಳೆಯಲ್ಲಿ ಕೂತಿದ್ದರು, ಮುಖ ಮುಚ್ಚಿಕೊಳ್ಳದೆ. ಬಲವಂತವಾಗಿ ಮಾತ್ರೆ ನಿಲ್ಲುವುದು, ಇದಿಲ್ಲವೆಂದು ಅದನ್ನು ಕೊಡುವುದು ಆದಾಗೆಲ್ಲ ಮೈ ಮತ್ತೆ ಹೊಸ ಔಷಧಕ್ಕೆ ಒಗ್ಗಬೇಕಾಗುತ್ತದೆ. ಆ ಧರಣಿಯ ಸುದ್ದಿ ಪೇಪರಿನಲ್ಲಿ ಓದಿ ತಮ್ಮ ನನಗೆ ಫೋನ್ ಮಾಡಿದ್ದ. "ನನಗ ಹಂಗ ಕೂಡೂ ಧೈರ್ಯ ಇಲ್ರೀ ಸರ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಅವರು ಕೂತದ್ದು ಛಲೋ ಆತ್ರಿ" ಅಂದ.

ಧೈರ್ಯಕ್ಕೆ ಕಾನೂನಿನ ಬೆಂಬಲವೂ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. 2017ರಲ್ಲಿ ಎಚ್‌ಐವಿ-ಏಡ್ಸ್ ಕಾಯ್ದೆ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಬಾಡಿಗೆ ಮನೆ ನಿರಾಕರಿಸುವುದು, ಚಿಕಿತ್ಸೆಯಲ್ಲಿ ಭೇದ ಮಾಡುವುದು ಕಾನೂನಿಗೆ ವಿರುದ್ಧ. ಅವರ ಒಪ್ಪಿಗೆ ಇಲ್ಲದೆ ವಿಷಯ ಬಯಲು ಮಾಡುವುದೂ ಕಾನೂನಿಗೆ ವಿರುದ್ಧ. ಸಂಶಯ ಇದ್ದರೆ 1097ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೊನೆಯದಾಗಿ ನಮ್ಮಂಥವರ ಪಾಲು. ನಿಮ್ಮ ಎದುರು ಯಾರಾದರೂ ತೋಳು ಮುಂದೆ ಮಾಡಿ "ಹೀಗೆ ಎದ್ದಿದೆ ನೋಡಿ" ಅಂದರೆ, ಉಷ್ಣ, ಪಿತ್ತ, ನಂಜು ಅಂತ ಹೆಸರಿಡುವ ಮೊದಲು ಕೇಳಿ: "ಈಚೆಗೆ ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದೀಯಾ?" ಯಾವ ಮಾತ್ರೆ, ಯಾವ ಕಾಯಿಲೆ ಅಂತ ಕೇಳಬೇಡಿ. ಅದು ನಮಗೆ ಬೇಕಿಲ್ಲ. "ಹಾಗಿದ್ದರೆ ಮಾತ್ರೆ ಕೊಟ್ಟವರಿಗೆ ಇವತ್ತೇ ತೋರಿಸು, ಬೇಕಾದರೆ ನಾನೂ ಬರುತ್ತೇನೆ" ಅನ್ನಿ. ಇಷ್ಟಕ್ಕೆ ಡಾಕ್ಟರ್ ಡಿಗ್ರಿ ಬೇಡ, ಬಿ.ಕಾಂ. ಸಾಕು. ಅದೂ ಬೇಡ.

ಇದನ್ನು ಬರೆದು ಮುಗಿಸುವ ಮೊದಲು ತಮ್ಮನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಎಲ್ಲ ಕೇಳಿ, "ನೀವು ಅವತ್ತು ಕೇಳಿದ್ರೂ ನಾ ಹೇಳ್ತಿದ್ನೋ ಇಲ್ಲೋ ಗೊತ್ತಿಲ್ರೀ ಸರ" ಅಂದ. ನನ್ನ ಮನಸ್ಸು ಹಗುರಾಗಲಿ ಅಂತ ಹೇಳಿದನೋ, ನಿಜವೇ ಹೇಳಿದನೋ. ಇರಬಹುದು. ಆದರೂ ಕೇಳಬೇಕಿತ್ತು.

ಏನಂತೀರಿ?